ಕಿಟಕಿ ಮೊದಲು, ಗೋಡೆ ಆಮೇಲೆ

ಮನೆ ರಿಪೇರಿಗೆ ಕೈ ಹಾಕಿದವರ ಪಟ್ಟಿಯಲ್ಲಿ ಕಿಟಕಿಗೆ ಸಿಗುವುದು ಒಂದೇ ಸಾಲು. ‘ಹಳೆ ಕಿಟಕಿ ತೆಗೆದು ಯುಪಿವಿಸಿ ಹಾಕುವುದು’ ಎಂದು ಬರೆದು, ಎದುರಿಗೆ ಒಂದು ಮೊತ್ತ ಹಾಕಿ ಗುತ್ತಿಗೆದಾರರು ಮುಂದಕ್ಕೆ ಹೋಗುತ್ತಾರೆ. ಬಚ್ಚಲುಮನೆಯ ಟೈಲ್ಸು, ಅಡುಗೆಮನೆಯ ಕಪಾಟು, ತಾರಸಿಯ ಸೋರಿಕೆ ಇವುಗಳ ಬಗ್ಗೆ ಮನೆಯವರು ವಾರಗಟ್ಟಲೆ ಮಾತಾಡಿರುತ್ತಾರೆ. ಕಿಟಕಿಯದು ಮಾತ್ರ ಅರ್ಧ ದಿನದ ಕೆಲಸ: ಇಬ್ಬರು ಆಳು, ಒಂದು ಸುತ್ತಿಗೆ, ಒಂದು ಹಾರೆ. ಸಂಜೆಯ ಹೊತ್ತಿಗೆ ಗೋಡೆಯಲ್ಲೊಂದು ಕಂಡಿ, ಅಂಗಳದಲ್ಲಿ ಸೀಳಿಹೋದ ತೇಗದ ರಾಶಿ. ಕೆಲವು ದಿನ ಕಳೆದು ಆ ಕಂಡಿಯ ಮೂಲೆಯಿಂದ ಚಾವಣಿಯತ್ತ ಓರೆಯಾಗಿ ಬಿರುಕು ಏರತೊಡಗಿದಾಗ, ಇದಕ್ಕೂ ಕಿಟಕಿ ತೆಗೆದದ್ದಕ್ಕೂ ಸಂಬಂಧವಿದೆಯೆಂದು ಯಾರಿಗೂ ಹೊಳೆಯುವುದಿಲ್ಲ.

ಸಂಬಂಧ ಇರುವುದು ಮನೆ ಕಟ್ಟಿದ ಕ್ರಮದಲ್ಲಿ. ಈಗಿನ ಕಟ್ಟಡಗಳಲ್ಲಿ ಗೋಡೆ ಎದ್ದು ಗಾರೆ ಮುಗಿದ ಮೇಲೆ ಕಂಡಿಯ ಅಳತೆ ತೆಗೆಯುತ್ತಾರೆ. ಬೇರೆಲ್ಲೋ ಸಿದ್ಧವಾದ ಕಿಟಕಿ ಬರುತ್ತದೆ. ಸ್ಕ್ರೂ ಬಿಗಿದು, ಸಂದಿಗೆ ಸಿಲಿಕಾನ್ ತುಂಬಿದರೆ ಆಯಿತು. ಅದನ್ನು ಬಿಚ್ಚುವುದೂ ಅಷ್ಟೇ ಹಗುರ. ಬೆಂಗಳೂರಿನ ಬಸವನಗುಡಿ, ಮಲ್ಲೇಶ್ವರ, ಜಯನಗರ, ಮೈಸೂರಿನ ಚಾಮುಂಡಿಪುರಂ, ಧಾರವಾಡದ ಮಾಳಮಡ್ಡಿಯಂಥ ಬಡಾವಣೆಗಳ ಹಳೆಯ ಮನೆಗಳಲ್ಲಿ ಕ್ರಮ ಇದಕ್ಕೆ ತದ್ವಿರುದ್ಧ. ಅಲ್ಲಿ ಬಡಗಿಯ ಕೆಲಸ ಮೊದಲು ಮುಗಿದಿರಬೇಕಿತ್ತು. ಗೋಡೆ ಸೊಂಟದ ಮಟ್ಟಕ್ಕೆ ಬಂದಾಗ ಚೌಕಟ್ಟನ್ನು ತಂದು ಅದರ ಮೇಲೆ ನಿಲ್ಲಿಸಿ, ತೂಗುಗುಂಡು ಬಿಟ್ಟು ನೇರ ನೋಡಿ, ಅಲುಗದಂತೆ ಓರೆಗೆ ಆನಿಕೆ ಕೊಟ್ಟು, ಆಮೇಲೆ ಎರಡೂ ಪಕ್ಕದಲ್ಲಿ ಇಟ್ಟಿಗೆಯ ವರಸೆ ಏರಿಸುತ್ತಿದ್ದರು. ಗೋಡೆ ಕಿಟಕಿಯನ್ನು ಅಪ್ಪಿಕೊಂಡೇ ಮೇಲೆದ್ದಿದೆ. ಹಾಗಾಗಿ ಹಳೆಯ ಕಿಟಕಿಯನ್ನು ‘ಎಳೆದು ತೆಗೆಯುವುದು’ ಸಾಧ್ಯವೇ ಇಲ್ಲ. ಗೋಡೆಯನ್ನು ಅಷ್ಟು ಬಿಚ್ಚಬೇಕು, ಅದೂ ಕಟ್ಟಿದ ಕ್ರಮವನ್ನು ತಿರುಗುಮುರುಗು ಮಾಡಿಕೊಂಡು. ಈ ಒಂದು ವಿಷಯ ಮನದಟ್ಟಾದರೆ ಮಿಕ್ಕದ್ದೆಲ್ಲ ತಾನಾಗಿ ಅರ್ಥವಾಗುತ್ತಾ ಹೋಗುತ್ತದೆ.

ಚೌಕಟ್ಟು ಗೋಡೆಯನ್ನು ಹಿಡಿದುಕೊಂಡಿರುವುದು ಎರಡು ಬಗೆಯಲ್ಲಿ. ಮೇಲಿನ ಮತ್ತು ಕೆಳಗಿನ ಅಡ್ಡಪಟ್ಟಿಗಳನ್ನು ಬಡಗಿ ಬೇಕೆಂದೇ ಮೂರು ನಾಲ್ಕು ಇಂಚು ಉದ್ದ ಬಿಟ್ಟಿರುತ್ತಾನೆ. ಆ ಚಾಚುಗಳು ನಾಲ್ಕೂ ಮೂಲೆಯಲ್ಲಿ ಗೋಡೆಯೊಳಗೆ ಹೂತಿರುತ್ತವೆ. ಹೊರಗಿನಿಂದ ನೋಡಿದರೆ ಗಾರೆಯ ಅಡಿಯಲ್ಲಿ ಅವು ಕಾಣುವುದೇ ಇಲ್ಲ. ಎರಡನೆಯದು ಹೋಲ್ಡ್‌ಫಾಸ್ಟ್. ಕಬ್ಬಿಣದ ಪಟ್ಟಿಯ ಒಂದು ತುದಿಯನ್ನು ಚೌಕಟ್ಟಿನ ಬೆನ್ನಿಗೆ ಸ್ಕ್ರೂ ಹೊಡೆದು, ಇನ್ನೊಂದು ತುದಿಯನ್ನು ಕವಲಾಗಿ ಸೀಳಿ, ಇಟ್ಟಿಗೆಯ ನಡುವೆ ಕಾಂಕ್ರೀಟಿನಲ್ಲಿ ಹುದುಗಿಸುತ್ತಾರೆ. ಒಂದೊಂದು ಪಕ್ಕಕ್ಕೆ ಎರಡೋ ಮೂರೋ ಇರುತ್ತವೆ. ಕಂಬಿಗಳ ಕತೆಯೂ ಇದೇ. ಅರ್ಧ ಇಂಚಿನ ಆ ದುಂಡು ಸರಳುಗಳು ನಡುವಿನ ಅಡ್ಡಪಟ್ಟಿಗಳನ್ನು ತೂರಿಕೊಂಡು ಮೇಲಿನ ಪಟ್ಟಿಯಿಂದ ಕೆಳಗಿನ ಪಟ್ಟಿಯವರೆಗೆ ಹಾದಿರುತ್ತವೆ. ಚೌಕಟ್ಟನ್ನು ಕೂಡಿಸುವಾಗಲೇ ಪೋಣಿಸಿದವು ಅವು. ಸುತ್ತಿಗೆಯಿಂದ ಹೊಡೆದು ಬಗ್ಗಿಸಿ ಕೀಳಲು ಹೋದರೆ ಮೊದಲು ಸೀಳುವುದು ಮರ.

ಊರು ಬದಲಾದಂತೆ ಗೋಡೆಯೂ ಬದಲಾಗುತ್ತದೆ. ಕರಾವಳಿಯ ಕೆಂಪುಕಲ್ಲಿನ ಅಂಚು ಯಂತ್ರದ ಅದುರಾಟಕ್ಕೆ ಪುಡಿಪುಡಿಯಾಗಿ ಉದುರುತ್ತದೆ. ಮಲೆನಾಡಿನ ಮಣ್ಣಿನ ಗೋಡೆಗಳಲ್ಲಿ ಕಿಟಕಿಯ ನೆತ್ತಿಯ ಮೇಲೆ ದಪ್ಪ ಹಲಗೆ ಹಾಸಿ ಅದನ್ನೇ ಮೇಲಿನ ಭಾರ ಹೊರುವ ಲಿಂಟಲ್ ಆಗಿ ನಂಬಿರುತ್ತಾರೆ. ಚೌಕಟ್ಟಿನ ಜೊತೆಗೆ ಆ ಹಲಗೆಯನ್ನೂ ಕಿತ್ತರೆ ಮೇಲಿನ ಮಣ್ಣು ನೇರವಾಗಿ ಕೆಳಗೆ. ಬಯಲುಸೀಮೆಯ ಹಳೆಯ ಮನೆಗಳಲ್ಲಿ ಅದೇ ಜಾಗದಲ್ಲಿ ಕಲ್ಲಿನ ಚಪ್ಪಡಿ ಇರುತ್ತದೆ. ಕಲ್ಲು ಒತ್ತುವ ಭಾರವನ್ನು ಎಷ್ಟು ಬೇಕಾದರೂ ಹೊರುತ್ತದೆ, ಬಾಗಿಸುವ ಭಾರವನ್ನು ಹೊರಲಾರದು. ನಡುಮಧ್ಯದಲ್ಲಿ ಕೂದಲೆಳೆಯ ಬಿರುಕು ಬಿಟ್ಟ ಚಪ್ಪಡಿ ಎಷ್ಟೋ ಮನೆಗಳಲ್ಲಿ ಅಡಿಯ ಮರದ ಚೌಕಟ್ಟಿನ ಮೇಲೆ ಒರಗಿಕೊಂಡು ಹತ್ತಾರು ವರ್ಷ ಸುಮ್ಮನೆ ನಿಂತಿರುತ್ತದೆ. ಲೆಕ್ಕದ ಪ್ರಕಾರ ಚೌಕಟ್ಟು ಭಾರ ಹೊರಬೇಕಾದದ್ದಲ್ಲ. ಆದರೂ ಹೊತ್ತಿದೆ. ಅದನ್ನು ತೆಗೆಯುವ ಮೊದಲು, ಒಂದು ತೆಳ್ಳನೆಯ ಹ್ಯಾಕ್ಸಾ ಬ್ಲೇಡನ್ನು ಚೌಕಟ್ಟಿನ ನೆತ್ತಿ ಮತ್ತು ಲಿಂಟಲಿನ ನಡುವೆ ತೂರಿಸಲು ನೋಡಿ. ಬ್ಲೇಡು ಸರಾಗವಾಗಿ ಆಡಿದರೆ ಒಳ್ಳೆಯ ಸೂಚನೆ. ಎಲ್ಲೂ ತೂರದೆ ಕಚ್ಚಿಕೊಂಡರೆ ಚೌಕಟ್ಟು ಹೊರೆ ಹೊತ್ತಿರಬಹುದೆಂದೇ ತಿಳಿದು ಆನಿಕೆ ಕೊಟ್ಟ ಮೇಲೆ ಮುಂದುವರಿಯಬೇಕು.

ಇಷ್ಟಕ್ಕೂ ತೆಗೆಯಲೇಬೇಕೆ? ಈ ಪ್ರಶ್ನೆಯನ್ನು ಕೇಳದೆ ಮುಂದೆ ಹೋಗಲು ನನಗೆ ಮನಸ್ಸಾಗುವುದಿಲ್ಲ. ಜನ ಹೇಳುವ ದೂರುಗಳು ಹೆಚ್ಚುಕಡಿಮೆ ಒಂದೇ: ಮಳೆಗಾಲದಲ್ಲಿ ಕದ ಕಚ್ಚಿಕೊಳ್ಳುತ್ತದೆ, ಸೊಳ್ಳೆ ಬರುತ್ತದೆ, ರಸ್ತೆಯ ಗದ್ದಲ ಕೇಳುತ್ತದೆ, ಗೆದ್ದಲು ಹಿಡಿದಿದೆ. ಕದ ಕಚ್ಚುವುದಕ್ಕೆ ಮರವನ್ನೇ ದೂರುತ್ತಾರೆ. ಬಹಳ ಸಲ ತಪ್ಪು ತಿರುಗಣಿಯದು. ಸ್ಕ್ರೂ ಸಡಿಲವಾಗಿ ಕದ ಜೋತುಬಿದ್ದಿರುತ್ತದೆ. ಹಳೆಯ ತೂತಿಗೆ ಮರದ ಬೆಣೆ ಹೊಡೆದು ಉದ್ದನೆಯ ಸ್ಕ್ರೂ ಹಾಕಿದರೆ ಅರ್ಧ ಕದಗಳು ಮತ್ತೆ ಸಲೀಸಾಗಿ ಮುಚ್ಚುತ್ತವೆ. ಮಿಕ್ಕರ್ಧಕ್ಕೆ ಕಾರಣ ಪದರ ಪದರವಾಗಿ ಬಳಿದ ಬಣ್ಣ, ಮತ್ತು ಬಣ್ಣವನ್ನೇ ಕಾಣದ ಕದದ ಅಡಿಯಂಚು. ಅಲ್ಲಿಂದಲೇ ಮರ ನೀರು ಕುಡಿಯುವುದು. ಮಳೆಗಾಲದಲ್ಲಿ ಉಬ್ಬಿದ ಕದಕ್ಕೆ ಮಳೆಗಾಲದಲ್ಲೇ ಹತ್ತರಿ ಹೊಡೆಸಿದರೆ ಬೇಸಿಗೆಗೆ ಬೆರಳು ತೂರುವಷ್ಟು ಸಂದಿ ಬೀಳುತ್ತದೆ. ಒಣಗುವವರೆಗೆ ಕಾದು, ಎಷ್ಟು ಬೇಕೋ ಅಷ್ಟೇ ಸವರಿಸಿ, ನಾಲ್ಕೂ ಅಂಚಿಗೆ ಬಣ್ಣ ಕೊಡಿಸಬೇಕು. ಸೊಳ್ಳೆಗೆ ಒಳಬದಿಯಲ್ಲಿ ಜಾಲರಿಯ ಕದ. ಗದ್ದಲ ಬರುವುದು ಗಾಜಿಗಿಂತ ಹೆಚ್ಚಾಗಿ ಸಂದಿಯಿಂದ, ಅದಕ್ಕೆ ರಬ್ಬರ್ ಪಟ್ಟಿಗಳು ಸಿಗುತ್ತವೆ.

ಗೆದ್ದಲಿನ ವಿಷಯದಲ್ಲಿ ಮಾತ್ರ ಕಣ್ಣಿಗಿಂತ ಕೈಯನ್ನು ನಂಬಬೇಕು. ಬೆರಳ ಗೆಣ್ಣಿನಿಂದ ಚೌಕಟ್ಟಿನುದ್ದಕ್ಕೂ ತಟ್ಟುತ್ತಾ ಬನ್ನಿ. ಗಟ್ಟಿ ಮರದ ಸದ್ದಿಗೂ ಟೊಳ್ಳಿನ ಸದ್ದಿಗೂ ಇರುವ ವ್ಯತ್ಯಾಸ ಯಾರಿಗೂ ಗೊತ್ತಾಗುತ್ತದೆ. ಅನುಮಾನ ಬಂದಲ್ಲಿ ಸ್ಕ್ರೂಡ್ರೈವರ್ ಚುಚ್ಚಿ ನೋಡಿ. ತೇಗದ ನಡುಮರ, ಅಂದರೆ ಕಂದು ಬಣ್ಣದ ಗಟ್ಟಿ ಭಾಗ, ತನ್ನಲ್ಲಿರುವ ಎಣ್ಣೆಯಂಶದಿಂದಾಗಿ ಗೆದ್ದಲಿಗೆ ಸುಲಭದ ತುತ್ತಲ್ಲ. ಹುಳ ಹಿಡಿಯುವುದು ಬಿಳಿಯ ಹೊರಮರಕ್ಕೆ. ಹೆಚ್ಚಾಗಿ ಕೆಡುವುದು ನೀರು ನಿಲ್ಲುವ ಕೆಳಪಟ್ಟಿ ಮತ್ತು ನಿಲುಪಟ್ಟಿಗಳ ಬುಡದ ಐದಾರು ಇಂಚು. ಅಷ್ಟನ್ನು ಓರೆಯಾಗಿ ಕೊಯ್ದು ಹೊಸ ಮರ ಕೂಡಿಸಬಲ್ಲ ಬಡಗಿಗಳು ಈಗಲೂ ಇದ್ದಾರೆ. ಕರಾವಳಿಯಲ್ಲಾದರೆ ಗೋಡೆಗೆ ತಾಗುವ ಬೆನ್ನಿಗೆ ಗೇರೆಣ್ಣೆ ಬಳಿದೇ ಕೂರಿಸುತ್ತಾರೆ. ಇವತ್ತಿನ ಅಂಗಡಿಯಲ್ಲಿ ಸಿಗುವ ಬೇಗ ಬೆಳೆಸಿದ ತೋಟದ ತೇಗಕ್ಕೆ ಹೋಲಿಸಿದರೆ, ಕಾಡಿನಲ್ಲಿ ನಿಧಾನವಾಗಿ ಬಲಿತ ಆ ಮರ ಮತ್ತೆ ಸಿಗುವಂಥದ್ದಲ್ಲ. ಹಾಗಾಗಿ ಒಂದು ಪಟ್ಟಿ ಕೆಟ್ಟಿತೆಂದು ಇಡೀ ಕಿಟಕಿಯನ್ನು ಹೊರಗೆಸೆಯುವುದು ನನ್ನ ದೃಷ್ಟಿಯಲ್ಲಿ ದೊಡ್ಡ ನಷ್ಟ.

ತೆಗೆಯಲು ಒಳ್ಳೆಯ ಕಾರಣಗಳೂ ಇರುತ್ತವೆ, ಇಲ್ಲವೆಂದಲ್ಲ. ನಾಲ್ಕೂ ಪಟ್ಟಿ ಟೊಳ್ಳಾಗಿರಬಹುದು. ಪಕ್ಕದ ಕಟ್ಟಡ ಎದ್ದು ಆ ಕಿಟಕಿಗೆ ಗಾಳಿಯೂ ಬೆಳಕೂ ತಪ್ಪಿಹೋಗಿರಬಹುದು. ಕೋಣೆಯನ್ನು ವಿಸ್ತರಿಸಿ ಕಿಟಕಿಯ ಜಾಗದಲ್ಲಿ ಬಾಗಿಲು ಇಡಬೇಕಾಗಿರಬಹುದು. ಆಗ ಕೇಳಬೇಕಾದ ಎರಡನೆಯ ಪ್ರಶ್ನೆ ಕಂಡಿಯ ಅಗಲದ್ದು. ಇದ್ದಷ್ಟೇ ಅಗಲದ ಕಂಡಿ ಉಳಿಯುತ್ತದೆಯೋ, ಇನ್ನೂ ಅಗಲವಾಗುತ್ತದೆಯೋ? ಬಹುಪಾಲು ಅಪಾಯ ಈ ಒಂದು ವ್ಯತ್ಯಾಸದಲ್ಲಿದೆ.

ಇಟ್ಟಿಗೆ ಗೋಡೆಯಲ್ಲಿ ಕಂಡಿ ಬಿಟ್ಟರೆ ಮೇಲಿನ ಗೋಡೆಯೆಲ್ಲ ಲಿಂಟಲಿನ ಮೇಲೆ ಬೀಳುವುದಿಲ್ಲ. ಇಟ್ಟಿಗೆಗಳು ಒಂದರ ಮೇಲೊಂದು ಕಚ್ಚಿಕೊಂಡು ಭಾರವನ್ನು ಅಕ್ಕಪಕ್ಕಕ್ಕೆ ಸಾಗಿಸುತ್ತವೆ. ಕಂಡಿಯ ಅಗಲವನ್ನೇ ತಳವಾಗಿಸಿಕೊಂಡ ಒಂದು ಸಮಬಾಹು ತ್ರಿಕೋನದಷ್ಟು ಗೋಡೆ ಮಾತ್ರ ಲಿಂಟಲಿನ ಪಾಲಿಗೆ ಬರುತ್ತದೆ. ನಾಲ್ಕು ಅಡಿ ಕಿಟಕಿಯ ಮೇಲೆ, ಒಂಬತ್ತು ಇಂಚಿನ ಗೋಡೆಯಲ್ಲಿ, ಆ ತ್ರಿಕೋನದ ತೂಕ ಸುಮಾರು 280 ಕಿಲೊ. ಅದೇ ಕಿಟಕಿಯನ್ನು ಎಂಟು ಅಡಿಗೆ ಅಗಲಿಸಿದರೆ? ಅಗಲ ಎರಡರಷ್ಟಾದಾಗ ತ್ರಿಕೋನದ ಎತ್ತರವೂ ಎರಡರಷ್ಟಾಗುವುದರಿಂದ ತೂಕ ನಾಲ್ಕು ಪಟ್ಟು, 1,100 ಕಿಲೊಗೂ ಹೆಚ್ಚು. ಆ ತೂಕ ಎರಡು ಪಟ್ಟು ದೂರಕ್ಕೆ ಹರಡಿರುವುದರಿಂದ ಲಿಂಟಲನ್ನು ಬಾಗಿಸುವ ಬಲ ಎಂಟು ಪಟ್ಟು. ಕಿಟಕಿ ಎರಡರಷ್ಟು ದೊಡ್ಡದಾಯಿತು, ಲಿಂಟಲನ್ನೂ ಎರಡರಷ್ಟು ಉದ್ದ ಹಾಕೋಣ ಎನ್ನುವ ಅಂದಾಜು ಎಲ್ಲಿ ಎಡವುತ್ತದೆ ಎನ್ನುವುದು ಇಲ್ಲಿ ಕಾಣುತ್ತದೆ.

ಇದೂ ಅನುಕೂಲದ ಲೆಕ್ಕವೇ. ತ್ರಿಕೋನ ಪೂರ್ತಿಯಾಗಿ ಕೂಡಬೇಕಾದರೆ ಲಿಂಟಲಿನ ಮೇಲೆ ಸಾಕಷ್ಟು ಗೋಡೆ ಇರಬೇಕು. ಎಂಟು ಅಡಿ ಕಂಡಿಗೆ ಬೇಕಾದದ್ದು ಸುಮಾರು ಏಳು ಅಡಿ ಗೋಡೆ. ಹತ್ತು ಅಡಿ ಎತ್ತರದ ಕೋಣೆಯಲ್ಲಿ ಲಿಂಟಲಿನ ಮೇಲೆ ಉಳಿಯುವುದು ಮೂರೇ ಅಡಿ. ಅಲ್ಲಿ ತ್ರಿಕೋನದ ತಲೆ ಚಾವಣಿಗೆ ತಾಗಿ ತುಂಡಾಗುತ್ತದೆ. ತಾರಸಿಯ ಭಾರ, ಅದರ ಮೇಲೆ ನೀರಿನ ಟ್ಯಾಂಕಿದ್ದರೆ ಅದೂ, ನೇರವಾಗಿ ಲಿಂಟಲಿಗೆ ಇಳಿಯುತ್ತದೆ. ಮರದ ತೊಲೆಗಳ ಮೇಲೆ ಇಟ್ಟಿಗೆ ಜೋಡಿಸಿದ ಮದ್ರಾಸ್ ತಾರಸಿಯ ಮನೆಗಳಲ್ಲಿ ಇನ್ನೊಂದು ವಿಷಯ ನೋಡಬೇಕು. ತೊಲೆಯ ತುದಿ ಗೋಡೆಯ ಮೇಲೆ ಎಲ್ಲಿ ಕೂತಿದೆ? ಕಿಟಕಿಯ ಪಕ್ಕದ ಗೋಡೆಯ ಮೇಲೆ ಕೂತಿದ್ದ ತೊಲೆ, ಕಂಡಿ ಅಗಲವಾದ ಮೇಲೆ ಖಾಲಿ ಜಾಗದ ನೆತ್ತಿಗೆ ಬಂದುಬಿಡಬಹುದು. ಮೂಲೆಯ ಕಿಟಕಿಯನ್ನು ಇನ್ನಷ್ಟು ಮೂಲೆಗೆ ಸರಿಸುವುದೂ ಅಪಾಯವೇ, ಏಕೆಂದರೆ ಪಕ್ಕಕ್ಕೆ ಸಾಗಿಬರುವ ಭಾರವನ್ನು ತಡೆದು ನಿಲ್ಲಿಸಲು ಅಲ್ಲಿ ಗೋಡೆಯೇ ಉಳಿದಿರುವುದಿಲ್ಲ. ಅಗಲ ಹೆಚ್ಚಿಸುವ ಯಾವ ಕೆಲಸಕ್ಕೂ ಸ್ಟ್ರಕ್ಚರಲ್ ಎಂಜಿನಿಯರ್ ಒಬ್ಬರು ಬಂದು ನೋಡಿ ಹೇಳಬೇಕು. ಮೇಸ್ತ್ರಿಯ ಅನುಭವಕ್ಕೆ ನನ್ನ ಗೌರವವಿದೆ, ಆದರೆ ಎಂಟು ಪಟ್ಟು ಎನ್ನುವ ಲೆಕ್ಕ ಕೈಯ ಅಂದಾಜಿಗೆ ಸಿಗುವಂಥದ್ದಲ್ಲ.

ಸಜ್ಜಾದ ಬಗ್ಗೆ ಬೇರೆಯಾಗಿಯೇ ಹೇಳಬೇಕು. ಕಿಟಕಿಯ ಮೇಲೆ ಮಳೆಗೆ ಅಡ್ಡವಾಗಿ ಚಾಚಿದ ಕಾಂಕ್ರೀಟಿನ ಆ ಹಲಗೆಯನ್ನು ಸಾಮಾನ್ಯವಾಗಿ ಲಿಂಟಲಿನ ಜೊತೆಗೇ ಎರಕ ಹೊಯ್ದಿರುತ್ತಾರೆ. ಅದು ಹೊರಕ್ಕೆ ಮಗುಚದೆ ನಿಂತಿರುವುದು ಲಿಂಟಲಿನ ಮೇಲೆ ಕೂತ ಗೋಡೆಯ ತೂಕದಿಂದ. ಐದು ಅಡಿ ಉದ್ದ, ಎರಡು ಅಡಿ ಚಾಚು, ಮೂರು ಇಂಚು ದಪ್ಪದ ಸಜ್ಜಾ ಸುಮಾರು 175 ಕಿಲೊ ತೂಗುತ್ತದೆ. ಲಿಂಟಲ್ ಬದಲಿಸಲೆಂದು ಒಳಗಿನಿಂದ ಅದರ ಮೇಲಿನ ನಾಲ್ಕು ವರಸೆ ಇಟ್ಟಿಗೆ ಬಿಚ್ಚಿದ ಕ್ಷಣ ಆ ಹಿಡಿತ ತಪ್ಪುತ್ತದೆ. ಹೊರಗೆ ಕೆಳಗಡೆ ನಿಂತವರಿಗೆ ಒಳಗೆ ಏನು ನಡೆಯುತ್ತಿದೆ ಎಂದು ತಿಳಿಯುವುದೇ ಇಲ್ಲ. ಅದಕ್ಕೇ ಕೆಲಸ ಶುರುವಾಗುವ ಮೊದಲು ಸಜ್ಜಾದ ಅಡಿಗೆ ಹೊರಗಿನಿಂದ ಜಾಕಿ ಕೊಡಬೇಕು, ಆ ಪಕ್ಕದಲ್ಲಿ ಯಾರೂ ಓಡಾಡದಂತೆ ಹಗ್ಗ ಕಟ್ಟಬೇಕು. ಲಿಂಟಲನ್ನೇ ಬದಲಿಸುವುದಾದರೆ ಗೋಡೆಗೆ ಮೇಲ್ಗಡೆ ತೂತು ಕೊರೆದು, ಗಿಡ್ಡ ಉಕ್ಕಿನ ತೊಲೆಗಳನ್ನು ಆಚೆಯಿಂದೀಚೆಗೆ ತೂರಿಸಿ, ಎರಡೂ ತುದಿಗೆ ಜಾಕಿ ನಿಲ್ಲಿಸಿ, ಮೇಲಿನ ಗೋಡೆಯ ಭಾರವನ್ನು ಅವುಗಳ ಮೇಲಕ್ಕೆ ತಂದುಕೊಂಡ ನಂತರವೇ ಹಳೆಯ ಲಿಂಟಲಿಗೆ ಕೈ ಹಚ್ಚುವುದು. ಹೊಸ ಲಿಂಟಲ್ ಎರಡೂ ಕಡೆ ಕನಿಷ್ಠ ಆರು ಇಂಚು ಗೋಡೆಯ ಮೇಲೆ ಕೂರಬೇಕು. ಸ್ಥಳದಲ್ಲೇ ಎರಕ ಹೊಯ್ದರೆ 14 ದಿನ ಜಾಕಿ ಕದಲಿಸುವಂತಿಲ್ಲ. ಗೃಹಪ್ರವೇಶದ ದಿನ ಹತ್ತಿರ ಬಂತೆಂದು ಈ 14 ದಿನವನ್ನು ಕಡಿತ ಮಾಡಬೇಡಿ.

ಇನ್ನು ಇದ್ದಷ್ಟೇ ಕಂಡಿ ಉಳಿಸಿಕೊಂಡು ಕಿಟಕಿಯನ್ನು ಇಡಿಯಾಗಿ ತೆಗೆಯುವ ಬಗೆ. ಮೊದಲು ಕದಗಳು. ತಿರುಗಣಿಯ ಸ್ಕ್ರೂಗಳ ಗೀರು ಬಣ್ಣದಲ್ಲಿ ಮುಚ್ಚಿಹೋಗಿರುತ್ತದೆ. ಮೊನಚಾದ ಉಪಕರಣದಿಂದ ಗೀರು ಬಿಡಿಸಿ, ಸ್ಕ್ರೂಡ್ರೈವರ್ ಇಟ್ಟು ಅದರ ತಲೆಗೆ ಒಂದೆರಡು ಏಟು ಹಾಕಿದರೆ ತುಕ್ಕಿನ ಹಿಡಿತ ಸಡಿಲುತ್ತದೆ. ಗಾಜಿನ ಮೇಲೆ ಅಗಲವಾದ ಟೇಪು ಅಂಟಿಸಿಕೊಂಡಿದ್ದರೆ ಒಡೆದರೂ ಚೂರು ಚೆಲ್ಲುವುದಿಲ್ಲ. ಬಿಚ್ಚಿದ ಪ್ರತಿ ಕದಕ್ಕೂ, ಅದು ಇದ್ದ ಜಾಗಕ್ಕೂ ಒಂದೇ ಅಂಕಿ ಬರೆಯಿರಿ. ಕೈಯಿಂದ ಮಾಡಿದ ಕದಗಳು ನೋಡಲು ಒಂದೇ ಥರ ಇದ್ದರೂ ಒಂದರ ಜಾಗಕ್ಕೆ ಇನ್ನೊಂದು ಕೂರುವುದಿಲ್ಲ.

ಚೌಕಟ್ಟಿಗೆ ಕೈ ಹಾಕುವ ಮುಂಚೆ ಎರಡು ಸಿದ್ಧತೆ. ಅದರ ಮೂಲೆಯಿಂದ ಮೂಲೆಗೆ ಒಂದು ರೀಪು ಹೊಡೆಯಿರಿ. ಗೋಡೆಯ ಹಿಡಿತ ತಪ್ಪಿದ ಮೇಲೂ ಚೌಕಟ್ಟು ವಾಲದೆ ಚೌಕವಾಗಿಯೇ ಉಳಿಯುತ್ತದೆ. ಗೋಡೆಯೊಳಗೆ ವೈರು ಹಾದಿದೆಯೇ ಎಂದು ನೋಡಿಸಿ, ಆ ಕೋಣೆಯ ಕರೆಂಟು ತೆಗೆಸಿರಿ. ಆಮೇಲೆ ಚೌಕಟ್ಟಿನ ಸುತ್ತ, ಎರಡು ಮೂರು ಇಂಚು ದೂರದಲ್ಲಿ, ಕಟಿಂಗ್ ಮಷೀನಿನಿಂದ ಗಾರೆಯನ್ನಷ್ಟೇ ಗೀರಬೇಕು. ಈ ಒಂದು ಗೀರನ್ನು ಬಿಟ್ಟು ಉಳಿದ ಕಡೆ ಯಂತ್ರ ಬೇಡವೆಂದೇ ನನ್ನ ಸಲಹೆ. ಗೀರು ಇದ್ದರೆ ಗಾರೆ ಅಲ್ಲಿಗೇ ನಿಲ್ಲುತ್ತದೆ, ಇಲ್ಲದಿದ್ದರೆ ಸುತ್ತಿಗೆಯ ಏಟಿಗೆ ಚಾವಣಿಯವರೆಗೆ ಹಾಳೆಹಾಳೆಯಾಗಿ ಏಳುತ್ತದೆ. ಗೀರಿನೊಳಗಿನ ಗಾರೆಯನ್ನು ಉಳಿಯಿಂದ ಬಿಡಿಸಿದಾಗ ಚೌಕಟ್ಟಿನ ಬೆನ್ನು ಕಾಣುತ್ತದೆ, ಹೋಲ್ಡ್‌ಫಾಸ್ಟ್‌ಗಳೂ ಕಾಣುತ್ತವೆ. ಅವುಗಳನ್ನು ಹಾರೆ ಹಾಕಿ ಮೀಟಿದರೆ ಕಾಂಕ್ರೀಟಿನ ಮುದ್ದೆಯ ಸಮೇತ ಇಟ್ಟಿಗೆ ಕಿತ್ತುಬರುತ್ತದೆ. ಸಂದಿಯಲ್ಲಿ ಹ್ಯಾಕ್ಸಾ ಬ್ಲೇಡ್ ಆಡಿಸಿ ಕೊಯ್ದುಬಿಡುವುದೇ ಸರಿ.

ಉಳಿಯುವುದು ನಾಲ್ಕು ಮೂಲೆಯ ಚಾಚುಗಳು. ಚಾಚಿನ ಎದುರಿಗಿರುವ ಒಂದೊಂದು ಇಟ್ಟಿಗೆಯನ್ನು ಒಳಬದಿಯಿಂದ ಬಿಡಿಸಿದರೆ ಚೌಕಟ್ಟು ಕೋಣೆಯೊಳಕ್ಕೆ ಸರಿಯಲು ದಾರಿಯಾಗುತ್ತದೆ. ಸುಣ್ಣದ ಗಾರೆಯ ಗೋಡೆಯಾದರೆ ಇಟ್ಟಿಗೆಯೂ ಇಡಿಯಾಗಿ ಬರುತ್ತದೆ, ಮತ್ತೆ ಅಲ್ಲೇ ಕೂರಿಸಬಹುದು. ಸಿಮೆಂಟಿನ ಗೋಡೆಯಲ್ಲಿ ಒಡೆಯದೆ ಬರುವುದಿಲ್ಲ. ಕೆಳಗಿನ ಎರಡು ಮೂಲೆ ಮೊದಲು, ಮೇಲಿನ ಎರಡು ಕೊನೆಗೆ. ಕೊನೆಯ ಇಟ್ಟಿಗೆ ಬಿಡಿಸುವಾಗ ಇಬ್ಬರು ಚೌಕಟ್ಟನ್ನು ಹಿಡಿದಿರಬೇಕು. ಸರಳುಗಳ ಸಮೇತ ನಾಲ್ಕು ಅಡಿ ಕಿಟಕಿ ಒಬ್ಬರ ಕೈಗೆ ನಿಲ್ಲುವುದಿಲ್ಲ. ಹೀಗೆ ಬಿಚ್ಚಲು ಒಂದು ಪೂರ್ತಿ ದಿನ ಬೇಕು. ಮರ ಕೆಟ್ಟಿದ್ದು, ಉಳಿಸಿಕೊಳ್ಳುವ ಯೋಚನೆಯೇ ಇಲ್ಲದಿದ್ದರೆ ಕೆಲಸ ಸುಲಭ: ಸರಳು ಕತ್ತರಿಸಿ, ಕೆಳಪಟ್ಟಿಯನ್ನು ನಡುವೆ ಗರಗಸದಿಂದ ಕೊಯ್ದರೆ ಎರಡು ತುಂಡೂ ಒಳಮುಖವಾಗಿ ಕಳಚಿಕೊಳ್ಳುತ್ತವೆ, ಗೋಡೆಗೂ ನೋವು ಕಡಿಮೆ.

ಬಣ್ಣದ ವಿಷಯವನ್ನು ನಮ್ಮಲ್ಲಿ ಬಹುತೇಕ ಯಾರೂ ಗಮನಿಸುವುದಿಲ್ಲ, ಮನೆಯಲ್ಲಿ ಮಕ್ಕಳಿದ್ದರೆ ಇದೇ ಎಲ್ಲಕ್ಕಿಂತ ಮುಖ್ಯ. ಹಳೆಯ ಎನಾಮಲ್ ಬಣ್ಣಗಳಲ್ಲಿ ಸೀಸ ಇರುತ್ತಿತ್ತು, ಹಳದಿ, ಹಸಿರು, ಕೆಂಪು ಬಣ್ಣಗಳಲ್ಲಿ ಹೆಚ್ಚು. ಮನೆಗೆ ಬಳಿಯುವ ಬಣ್ಣದಲ್ಲಿ ಸೀಸದ ಪ್ರಮಾಣ ಹತ್ತು ಲಕ್ಷಕ್ಕೆ 90 ಭಾಗ ಮೀರಕೂಡದೆಂಬ ಕೇಂದ್ರದ ನಿಯಮ ಬಂದದ್ದು 2016ರಲ್ಲಿ, ಜಾರಿಯಾದದ್ದು 2017ರ ನವೆಂಬರಿನಲ್ಲಿ. ಅದಕ್ಕೆ ಹಿಂದಿನ ಕಿಟಕಿಯ ಮೇಲೆ ಎಷ್ಟು ಪದರ ಬಣ್ಣವಿದೆಯೋ ಅಷ್ಟನ್ನೂ ಅನುಮಾನದಿಂದಲೇ ನೋಡಬೇಕು. ಮರದ ಮೇಲೆ ಸುಮ್ಮನಿದ್ದ ಬಣ್ಣದಿಂದ ಅಪಾಯ ಕಡಿಮೆ. ಒಣ ಉಜ್ಜುಕಾಗದದಿಂದಲೋ ಯಂತ್ರದಿಂದಲೋ ಉಜ್ಜಿದಾಗ ಏಳುವ ಧೂಳೇ ವಿಷ. ಆ ಧೂಳು ನೆಲದ ಮೇಲೆ ಕೂರುತ್ತದೆ, ಅಂಬೆಗಾಲಿಡುವ ಮಗುವಿನ ಅಂಗೈಗೆ, ಅಲ್ಲಿಂದ ಬಾಯಿಗೆ ಹೋಗುತ್ತದೆ. ಮಕ್ಕಳ ಮಿದುಳಿನ ಬೆಳವಣಿಗೆಗೆ ಸೀಸ ಮಾಡುವ ಹಾನಿ ಮತ್ತೆ ಸರಿಹೋಗುವಂಥದ್ದಲ್ಲ. ಇಷ್ಟರವರೆಗೆ ಸುರಕ್ಷಿತ ಎನ್ನುವ ಮಟ್ಟವೇ ಇಲ್ಲವೆಂದು ವಿಶ್ವ ಆರೋಗ್ಯ ಸಂಸ್ಥೆ ಹೇಳುತ್ತದೆ. ಬೆಂಗಳೂರಿನ ಸೇಂಟ್ ಜಾನ್ಸ್ ವೈದ್ಯಕೀಯ ಕಾಲೇಜಿನ ಪ್ರಾಧ್ಯಾಪಕರಾಗಿದ್ದ ಡಾ. ವೆಂಕಟೇಶ್ ತುಪ್ಪಿಲ್ ದಶಕಗಳ ಕಾಲ ಇದನ್ನೇ ಸಾರಿದರು, ಆದರೂ ಮರಗೆಲಸದ ಅಂಗಳಕ್ಕೆ ಆ ಮಾತು ಮುಟ್ಟಿಲ್ಲ.

ಮಾಡಬೇಕಾದದ್ದು ಕಷ್ಟವೇನಲ್ಲ. ಬಣ್ಣದ ಮೇಲೆ ನೀರು ಸಿಂಪಡಿಸಿ ಒದ್ದೆಯಾಗಿಯೇ ಕೆರೆಯಬೇಕು. ಬ್ಲೋ ಲ್ಯಾಂಪಿನ ಬೆಂಕಿ ಹಿಡಿದು ಬಣ್ಣ ಸುಡುವ ಪದ್ಧತಿಯನ್ನು ಕೈಬಿಡಬೇಕು, ಅಷ್ಟು ಶಾಖಕ್ಕೆ ಸೀಸ ಹೊಗೆಯಾಗಿ ಉಸಿರಿಗೆ ಸೇರುತ್ತದೆ. ಕೆಲಸ ಮನೆಯ ಹೊರಗೆ, ಅಡಿಗೆ ಪ್ಲಾಸ್ಟಿಕ್ ಹಾಳೆ, ಕೆಲಸದವರ ಮೂಗಿಗೆ ಒಳ್ಳೆಯ ಮಾಸ್ಕು. ಕರ್ಚೀಫು ಸಾಲದು. ಮುಗಿದ ಮೇಲೆ ಪೊರಕೆಯಲ್ಲಿ ಗುಡಿಸುವ ಬದಲು ಒದ್ದೆ ಬಟ್ಟೆಯಲ್ಲಿ ಒರೆಸಬೇಕು. ಮಕ್ಕಳು, ಬಸುರಿಯರು ಆ ದಿನಗಳಲ್ಲಿ ಬೇರೆ ಮನೆಯಲ್ಲಿರುವುದು ಒಳ್ಳೆಯದು. ಆ ಬಣ್ಣ ಬಳಿದ ಮರವನ್ನು ಬಚ್ಚಲ ಒಲೆಗೆ ಹಾಕುವುದಂತೂ ಕೂಡದು.

ಹೊಸ ಕಿಟಕಿಯ ಆಯ್ಕೆಯಲ್ಲಿ ಒಂದೇ ಮಾತು, ಗಾಳಿಯದು. ಹಳೆಯ ಕಿಟಕಿಯ ಕದಗಳು ತೆರೆದರೆ ಕಂಡಿ ಪೂರ್ತಿ ತೆರೆಯುತ್ತದೆ. ಕೆಳಗಿನ ಎರಡನ್ನು ಮುಚ್ಚಿ ಮೇಲಿನ ಎರಡನ್ನು ಬಿಟ್ಟರೆ ಮರೆಯೂ ಉಂಟು, ಗಾಳಿಯೂ ಉಂಟು. ಜಾರುವ ಎರಡು ಗಾಜಿನ ಕಿಟಕಿಯಲ್ಲಿ ಒಂದರ ಹಿಂದೆ ಇನ್ನೊಂದು ಸರಿಯುವುದರಿಂದ ಎಂದಿಗೂ ಅರ್ಧಕ್ಕಿಂತ ಹೆಚ್ಚು ತೆರೆಯುವುದಿಲ್ಲ. ನಮ್ಮ ರಾಷ್ಟ್ರೀಯ ಕಟ್ಟಡ ಸಂಹಿತೆಯ ಪ್ರಕಾರ ಮಧ್ಯಮ ಹವೆಯ ಊರಲ್ಲಿ ಕೋಣೆಯ ನೆಲದ ಎಂಟನೇ ಒಂದು ಪಾಲಿನಷ್ಟು ಕಂಡಿ ಬೇಕು, ಬಿಸಿಲೂ ತೇವವೂ ಹೆಚ್ಚಿರುವ ಕಡೆ ಆರನೇ ಒಂದು. ಹತ್ತು ಅಡಿಗೆ ಹನ್ನೆರಡು ಅಡಿಯ ಕೋಣೆಗೆ ಎಂಟನೇ ಒಂದೆಂದರೆ 15 ಚದರ ಅಡಿ. ನಾಲ್ಕಕ್ಕೆ ನಾಲ್ಕರ ಹಳೆಯ ಕಿಟಕಿಯ ಕಂಡಿ 16. ಅದೇ ಕಂಡಿಗೆ ಜಾರುವ ಗಾಜು ಹಾಕಿದರೆ ಗಾಳಿಗೆ ಸಿಗುವುದು ಎಂಟಕ್ಕೂ ಕಡಿಮೆ. ಆಮೇಲೆ ಕೋಣೆ ಬೇಯುತ್ತದೆ, ಏಸಿ ಬರುತ್ತದೆ. ಯುಪಿವಿಸಿಯೇ ಬೇಕೆಂದರೆ ತಿರುಗಣಿಯ ಮೇಲೆ ತೆರೆಯುವ ಕದದ ಮಾದರಿಯೂ ಸಿಗುತ್ತದೆ, ಅದನ್ನು ಕೇಳಿ ಪಡೆಯಿರಿ. ಅಳತೆಯನ್ನು ಹಳೆಯ ಕಿಟಕಿ ಇರುವಾಗಲೇ ಕೊಟ್ಟುಬಿಡಬಾರದು. ಕಂಡಿಯ ಅಂಚು ಕಟ್ಟಿ, ಗಾರೆ ಒಣಗಿದ ಮೇಲೆ ಮೂಲೆಯಿಂದ ಮೂಲೆಗೂ ಅಳೆದು ನೋಡಿ ಕೊಡಬೇಕು. ಸುಣ್ಣದ ಗೋಡೆಯ ಅಂಚಿಗೆ ಗಟ್ಟಿ ಸಿಮೆಂಟು ಮೆತ್ತಿದರೆ ತೇವ ಒಳಗೇ ಸಿಕ್ಕಿಕೊಂಡು ಪಕ್ಕದ ಗಾರೆ ಉದುರುತ್ತದೆ. ಸುಣ್ಣದ ಗಾರೆಯನ್ನೇ ಬಳಸಿದರೆ ಗೋಡೆ ಒಪ್ಪಿಕೊಳ್ಳುತ್ತದೆ. ಫ್ಲ್ಯಾಟಿನಲ್ಲಿರುವವರಿಗೆ ಗೋಡೆಯ ಭಾರದ ಚಿಂತೆ ಬಹುಮಟ್ಟಿಗೆ ಇಲ್ಲ, ಅಲ್ಲಿ ಹೊರುವುದು ಕಂಬ ಮತ್ತು ತೊಲೆ. ಅವರಿಗೆ ಬೇಕಾದದ್ದು ಸಂಘದ ಒಪ್ಪಿಗೆ.

ತೆಗೆದ ಕಿಟಕಿ ಎಲ್ಲಿಗೆ ಹೋಗಬೇಕು? ಬಹುಪಾಲು ಗುಜರಿಗೆ ಹೋಗುತ್ತದೆ, ಕೆಲವು ತಮಿಳುನಾಡಿನ ಕಾರೈಕುಡಿಯಂಥ ಹಳೆ ಸಾಮಾನಿನ ಪೇಟೆ ಸೇರಿ ದುಬಾರಿ ಬೆಲೆಗೆ ಹೋಟೆಲಿನ ಗೋಡೆ ಏರುತ್ತವೆ. ಮಣಿಪಾಲದ ವಿಜಯನಾಥ ಶೆಣೈ ಇನ್ನೊಂದು ದಾರಿ ತೋರಿದ್ದರು. ಊರೂರಲ್ಲಿ ಹಳೆಯ ಮನೆಗಳು ನೆಲಕ್ಕುರುಳುತ್ತಿದ್ದ ಕಾಲದಲ್ಲಿ, ಬ್ಯಾಂಕ್ ನೌಕರರಾಗಿದ್ದ ಅವರು ಬಾಗಿಲು, ಕಿಟಕಿ, ಕಂಬಗಳನ್ನು ಕೂಡಿಸುತ್ತಾ ಹೋಗಿ ಮೊದಲು ತಮ್ಮ ಮನೆಯನ್ನೇ ಅವುಗಳಿಂದ ಕಟ್ಟಿದರು. ಆಮೇಲೆ ಹಸ್ತಶಿಲ್ಪ ಹೆರಿಟೇಜ್ ವಿಲೇಜಿನಲ್ಲಿ ಇಡೀ ಮನೆಗಳನ್ನೇ ಬಿಚ್ಚಿ ತಂದು ಮತ್ತೆ ನಿಲ್ಲಿಸಿದರು. ಹರ್ಕೂರಿನ ಮನೆ, ಮಿಯಾರಿನ ಮನೆ, ಕುಕನೂರಿನ ಕಮಲ ಮಹಲು ಅಲ್ಲಿ ಇವತ್ತಿಗೂ ನಿಂತಿವೆ. ಕೇರಳದಲ್ಲಿ ವಾಸ್ತುಶಿಲ್ಪಿ ಲಾರಿ ಬೇಕರ್ ಒಂದೆಡೆ ಒಡೆದ ಮನೆಗಳ ಮರವನ್ನು ಹೊಸ ಮನೆಗಳಲ್ಲಿ ಬಳಸಿದರು, ಇನ್ನೊಂದೆಡೆ ಚೌಕಟ್ಟೇ ಬೇಡವೆಂದು ಮೇಲೊಂದು ಕೆಳಗೊಂದು ಗುಳಿಯಲ್ಲಿ ತಿರುಗುವ ಒಂಟಿ ಹಲಗೆಯ ಕಿಟಕಿ ಮಾಡಿದರು. ಇಬ್ಬರ ಕೆಲಸದಲ್ಲೂ ಮರವೆಂದರೆ ಮತ್ತೆ ಮತ್ತೆ ಬಳಸಬೇಕಾದ ವಸ್ತು.

ಅಷ್ಟು ದೊಡ್ಡದು ನಮ್ಮಿಂದ ಆಗಬೇಕಿಲ್ಲ. ಮಾಳಿಗೆಯಲ್ಲಿ ಹೊಸ ಕೋಣೆ ಕಟ್ಟಿಸುವವರು, ಊರಲ್ಲಿ ಸೈಟು ಇಟ್ಟುಕೊಂಡವರು ಹಳೆಯ ಕಿಟಕಿಯ ಅಳತೆಯನ್ನು ಎಂಜಿನಿಯರಿಗೆ ಮೊದಲೇ ಕೊಟ್ಟರೆ ಅದು ನಕ್ಷೆಯಲ್ಲಿ ಸೇರುತ್ತದೆ. ಗೋಡೆ ಮತ್ತೆ ಅದರ ಸುತ್ತಲೇ ಏಳಬಹುದು. ಗೋಡೆ ಎದ್ದ ಮೇಲೆ ತಂದರೆ ಮೂರು ಇಂಚಿನ ಚಾಚಿಗೆ ಜಾಗವಿಲ್ಲದೆ ಬಡಗಿ ಅದನ್ನು ಕೊಯ್ಯಬೇಕಾಗುತ್ತದೆ. ಅಲ್ಲಿಯವರೆಗೆ ನೆಲದಿಂದ ಎತ್ತರಿಸಿ, ನೆರಳಿನಲ್ಲಿ, ಮಟ್ಟವಾಗಿ ಮಲಗಿಸಿಡಿ. ಗೋಡೆಗೆ ಒರಗಿಸಿಟ್ಟರೆ ಒಂದೇ ಮಳೆಗಾಲದಲ್ಲಿ ತಿರುಚಿಕೊಳ್ಳುತ್ತದೆ. ಬಿಡಿಯಾದ ಪಟ್ಟಿಗಳನ್ನು ಮಿಲ್ಲಿಗೆ ಕೊಡುವ ಮುಂಚೆ ಮೊಳೆಗಳನ್ನೆಲ್ಲ ಕೀಳಿಸಿ, ಒಂದು ಮೊಳೆ ಗರಗಸವನ್ನೇ ಹಾಳುಮಾಡುತ್ತದೆ.

ಇದೆಲ್ಲ ನಡೆಯಬೇಕಾದರೆ ಗುತ್ತಿಗೆಯ ಕಾಗದದಲ್ಲಿ ಮೊದಲೇ ಮಾತಾಗಬೇಕು. ಎಷ್ಟೋ ಕಡೆ ಒಡೆದು ತೆಗೆದದ್ದೆಲ್ಲ ಗುತ್ತಿಗೆದಾರರಿಗೆ ಎನ್ನುವುದು ರೂಢಿ, ಅದರ ಬೆಲೆಯನ್ನು ಲೆಕ್ಕ ಹಿಡಿದೇ ಅವರು ಕಡಿಮೆ ಮೊತ್ತ ಹೇಳಿರುತ್ತಾರೆ. ತೆಗೆದ ಮರ ಮತ್ತು ಸರಳು ಮನೆಯವರದು ಎಂದು ಬರೆಸಿಕೊಳ್ಳಿ, ಅದಕ್ಕಾಗಿ ಸ್ವಲ್ಪ ಹೆಚ್ಚು ಕೊಡಬೇಕಾದರೂ ಕೊಡಿ. ಕಿಟಕಿ ಬಿಚ್ಚುವ ಕೆಲಸವನ್ನು ಮಾತ್ರ ಇಡಿಗುತ್ತಿಗೆಯಿಂದ ಹೊರಗಿಟ್ಟು ದಿನಗೂಲಿಗೆ ಮಾಡಿಸಿ. ಇಡಿಗುತ್ತಿಗೆಯಲ್ಲಿ ಬೇಗ ಮುಗಿಸಿದಷ್ಟೂ ಲಾಭ, ಬೇಗ ಮುಗಿಯುವ ದಾರಿ ಹಾರೆಯದು. ಬಡಗಿ ಮತ್ತು ಗಾರೆ ಮೇಸ್ತ್ರಿ ಇಬ್ಬರನ್ನೂ ಒಂದೇ ದಿನ ಕರೆಸಿ. ಚಾಚು ಎಲ್ಲಿದೆಯೆಂದು ಬಡಗಿಗೆ ಗೊತ್ತು, ಯಾವ ಇಟ್ಟಿಗೆ ಬಿಡಿಸಬಹುದೆಂದು ಮೇಸ್ತ್ರಿಗೆ ಗೊತ್ತು. ಮನೆಯ ಕಿಟಕಿಗಳನ್ನೆಲ್ಲ ಒಟ್ಟಿಗೆ ತೆಗೆಸಬೇಡಿ. ಒಂದನ್ನು ತೆಗೆದು, ಅಂಚು ಕಟ್ಟಿಸಿ, ಒಂದು ವಾರ ಆ ಗೋಡೆಯನ್ನು ನೋಡಿ, ಬಿರುಕು ಕಾಣದಿದ್ದರೆ ಮುಂದಿನ ಕಿಟಕಿಗೆ ಹೋಗಿ.